ಒಂದೇ ದಿನ ಏಳು ಮಸೀದಿ ಬೇಡ: ಇಸ್ತಾಂಬುಲ್‌ಗೆ ಹೊರಟವರಿಗೊಂದು ಉತ್ತರ

ಪ್ರಶ್ನೆ: ನವೆಂಬರ್ ಮಧ್ಯದಲ್ಲಿ ನಾಲ್ಕು ದಿನಕ್ಕೆಂದು ಇಸ್ತಾಂಬುಲ್‌ಗೆ ಹೋಗುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತನೇ ಕ್ಲಾಸಿನ ಮಗ ಮತ್ತು 68 ವರ್ಷದ ಅಮ್ಮ. ಟೂರಿನವರು ಕೊಟ್ಟ ಪಟ್ಟಿಯಲ್ಲಿ ಒಂದೇ ದಿನ ಏಳು ಮಸೀದಿಗಳಿವೆ. ನಾವು ಮುಸ್ಲಿಮರಲ್ಲ, ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ಇದ್ದೂ ಮಸೀದಿಯ ಒಳಗೆ ಹೋದವರಲ್ಲ. ಅಲ್ಲಿ ಒಳಗೆ ಬಿಡುತ್ತಾರೆಯೇ? ಅಮ್ಮ ಸೀರೆ ಬಿಟ್ಟು ಬೇರೇನೂ ಉಡುವುದಿಲ್ಲ, ಮಂಡಿನೋವೂ ಇದೆ. ಒಳಗೆ ಕೈಮುಗಿಯಬಹುದೇ ಎಂದು ಕೇಳುತ್ತಾರೆ. ಹಾಗಿಯಾ ಸೋಫಿಯಾಕ್ಕೆ 25 ಯೂರೋ ಟಿಕೆಟ್ಟಂತೆ, ಅಷ್ಟು ಕೊಡಬಹುದೇ? ಯಾವುದನ್ನು ನೋಡಬೇಕು, ಹೋದ ಮೇಲೆ ಏನನ್ನು ನೋಡಬೇಕು ಎಂದು ಬಿಡಿಸಿ ಹೇಳುತ್ತೀರಾ?

ಉತ್ತರ: ಒಳಗೆ ಬಿಡುತ್ತಾರೆ. ಬಾಗಿಲಲ್ಲಿ ನಿಮ್ಮ ಧರ್ಮ ಯಾವುದೆಂದು ಯಾರೂ ಕೇಳುವುದಿಲ್ಲ, ಹೆಂಗಸರೆಂದು ತಡೆಯುವುದೂ ಇಲ್ಲ. ಎಲ್ಲ ದೇಶಗಳಲ್ಲೂ ಹೀಗಿಲ್ಲ. ಮೆಕ್ಕಾಕ್ಕೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲ. ಮೊರಾಕ್ಕೊದಲ್ಲಿ ಕಾಸಾಬ್ಲಾಂಕಾದ ಎರಡನೇ ಹಸನ್ ಮಸೀದಿಯಂಥ ಒಂದೆರಡನ್ನು ಬಿಟ್ಟರೆ ಪ್ರವಾಸಿಗರು ಹೊರಗಿನಿಂದಲೇ ನೋಡಿ ಬರಬೇಕು. ಟರ್ಕಿಯಲ್ಲಿ ಅಂಥ ಕಟ್ಟಳೆ ಇಲ್ಲ. ನಮಾಜಿನ ಹೊತ್ತು ಬಿಟ್ಟು ಯಾವಾಗ ಹೋದರೂ ಬನ್ನಿ ಎನ್ನುತ್ತಾರೆ. ನೀವು ಯೋಚಿಸಬೇಕಾದದ್ದು ಆ ಹೊತ್ತಿನ ಬಗ್ಗೆಯೇ. ನಿಮ್ಮ ಟೂರಿನವರ ಪಟ್ಟಿ ಕೆಡುವುದೂ ಅಲ್ಲಿಯೇ.

ಟರ್ಕಿ ವರ್ಷವಿಡೀ ಒಂದೇ ಗಡಿಯಾರ ಇಟ್ಟುಕೊಂಡಿರುವುದರಿಂದ ಇಸ್ತಾಂಬುಲ್‌ನಲ್ಲಿ ಮಧ್ಯಾಹ್ನದ ನಮಾಜು ಯಾವ ಋತುವಿನಲ್ಲಿಯೂ ಒಂದು ಗಂಟೆಯ ಆಚೀಚೆ ಬರುತ್ತದೆ. ಸಂಜೆಯ ಮುಂಚಿನದ್ದು ಮಾತ್ರ ಬೇಸಿಗೆಯಲ್ಲಿ ಐದರ ಮೇಲೆ, ನೀವು ಹೋಗುವ ನವೆಂಬರ್‌ನಲ್ಲಿ ಮೂರೂವರೆಯ ಹತ್ತಿರ. ಸೂರ್ಯ ಮುಳುಗುವುದು ಸುಮಾರು ಐದೂಮುಕ್ಕಾಲಿಗೆ, ಮುಳುಗುತ್ತಲೇ ಇನ್ನೊಂದು ನಮಾಜು. ದೊಡ್ಡ ಮಸೀದಿಗಳಲ್ಲಿ ಪ್ರತಿ ಆಜಾನ್‌ಗೆ ಸಾಕಷ್ಟು ಮೊದಲೇ ಪ್ರವಾಸಿಗರನ್ನು ಹೊರಗೆ ಕಳಿಸುತ್ತಾರೆ, ನಮಾಜು ಮುಗಿದು ಜನ ಹೊರಟ ಮೇಲೆ ಮತ್ತೆ ಬಿಡುತ್ತಾರೆ. ನೀಲಿ ಮಸೀದಿಯಲ್ಲಿ ಇದಕ್ಕೇ ಒಂದೂವರೆ ಗಂಟೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಬೆಳಗ್ಗೆ ಒಂದು ಉದ್ದದ ಹೊತ್ತು, ಮಧ್ಯಾಹ್ನ ಒಂದು ಚಿಕ್ಕ ಹೊತ್ತು, ಸಂಜೆಗೆ ಇನ್ನೊಂದು ತುಣುಕು. ಇಷ್ಟರಲ್ಲಿ ಏಳು ಮಸೀದಿ ಎಂದರೆ ನಾಲ್ಕನ್ನು ಬಸ್ಸಿನ ಕಿಟಕಿಯಿಂದ ತೋರಿಸುತ್ತಾರೆ, ಮೂರರಲ್ಲಿ ಚಪ್ಪಲಿ ಬಿಚ್ಚಿ ಹಾಕಿಕೊಳ್ಳುವುದರಲ್ಲೇ ಅರ್ಧ ಸಮಯ ಕಳೆಯುತ್ತದೆ. ನಿಮ್ಮ ತಾಯಿಯವರ ಮಂಡಿಗೂ ಅದು ಒಳ್ಳೆಯದಲ್ಲ.

ನಾಲ್ಕು ದಿನಕ್ಕೆ ನಾಲ್ಕು ಅಥವಾ ಐದು ಮಸೀದಿ ಸಾಕು. ಒಂದೊಂದರಲ್ಲೂ ನೆಲದ ಮೇಲೆ ಕೂತು ತಲೆ ಎತ್ತಿ ನೋಡುವಷ್ಟು ಬಿಡುವಿರಲಿ. ಈ ಕಟ್ಟಡಗಳ ಅಳತೆ ನಿಂತು ನಡೆಯುವವರಿಗೆ ಸಿಗುವುದಿಲ್ಲ. ಅವು ನೆಲಕ್ಕೆ ಕೂರುವವರಿಗಾಗಿ ಕಟ್ಟಿದವು.

ಉಡುಪಿನ ವಿಷಯ ಬೇಗ ಮುಗಿಸುತ್ತೇನೆ. ಹೆಂಗಸರು ತಲೆ, ಭುಜ, ಕಾಲು ಮುಚ್ಚಿರಬೇಕು. ಗಂಡಸರಿಗೆ ಚಡ್ಡಿ ಸಲ್ಲದು, ನಿಮ್ಮ ಮಗನಿಗೂ ಉದ್ದ ಪ್ಯಾಂಟೇ ಇರಲಿ. ಚೂಡಿದಾರ್ ಹಾಕಿಕೊಂಡರೆ ನಿಮಗೆ ಬೇರೆ ಏನೂ ಬೇಡ, ವೇಲ್ ತಲೆಯ ಮೇಲೆ ಎಳೆದುಕೊಂಡರಾಯಿತು. ತಾಯಿಯವರ ಸೀರೆ ಚೆನ್ನಾಗಿಯೇ ಒಪ್ಪುತ್ತದೆ. ಸೆರಗನ್ನು ತಲೆಯ ಮೇಲೆ ಹೊದ್ದರೆ ಸೊಂಟದ ಬದಿ ಕಾಣುತ್ತದೆ ಅಷ್ಟೆ, ಆದ್ದರಿಂದ ಒಂದು ಅಗಲವಾದ ಶಾಲು ಜೊತೆಗಿರಲಿ. ನವೆಂಬರ್‌ನ ಚಳಿಗೆ ಅದು ಹೇಗೂ ಬೇಕು. ಬೆಚ್ಚಗಿನ ಕಾಲುಚೀಲವನ್ನೂ ಮರೆಯಬೇಡಿ. ಒಳಗೆಲ್ಲ ಜಮಖಾನವಿದ್ದರೂ ಹೊಸ್ತಿಲಿನ ಕಲ್ಲು ತಣ್ಣಗಿರುತ್ತದೆ. ಪಾದರಕ್ಷೆಗೆ ಬಾಗಿಲಲ್ಲಿ ಕಪಾಟು ಇರುತ್ತದೆ, ಆದರೆ ಕೆಲವು ಕಡೆ ಬರುವ ಬಾಗಿಲು ಒಂದು, ಹೋಗುವ ಬಾಗಿಲು ಇನ್ನೊಂದು. ಮನೆಯಿಂದಲೇ ಒಂದು ಬಟ್ಟೆ ಚೀಲ ತೆಗೆದುಕೊಂಡು ಹೋಗಿ, ಅದರಲ್ಲಿ ಹಾಕಿ ಕೈಯಲ್ಲೇ ಹಿಡಿದುಕೊಳ್ಳಿ. ಲೇಸು ಕಟ್ಟುವ ಬೂಟಿಗಿಂತ ಕಾಲು ತೂರಿಸುವಂಥದ್ದು ತಾಯಿಯವರಿಗೆ ಅನುಕೂಲ.

ಕೈಮುಗಿಯುವ ಪ್ರಶ್ನೆಗೆ ಬರುತ್ತೇನೆ. ಆ ಪ್ರಶ್ನೆ ಕೇಳಿದ್ದಕ್ಕೇ ನಿಮ್ಮ ತಾಯಿಯವರ ಮೇಲೆ ನನಗೆ ಗೌರವ ಹುಟ್ಟಿತು. ಹಿಂದೆ ನಿಂತು ಸದ್ದಿಲ್ಲದೆ ಕೈಮುಗಿದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಮನಸ್ಸಿನಲ್ಲಿ ಏನನ್ನಾದರೂ ಬೇಡಿಕೊಳ್ಳಲಿ, ಅದು ಅವರಿಗೆ ಬಿಟ್ಟದ್ದು. ಆದರೆ ಯಾವುದಕ್ಕೆ ಕೈಮುಗಿಯಬೇಕೆಂದು ಅವರು ಸುತ್ತ ಹುಡುಕಿದರೆ ಮೊದಲೇ ತಿಳಿಸಿ ಹೇಳಿ: ಅಲ್ಲಿ ಗರ್ಭಗುಡಿ ಇಲ್ಲ, ಮೂರ್ತಿ ಇಲ್ಲ, ಪ್ರದಕ್ಷಿಣೆ ಇಲ್ಲ. ಎದುರಿನ ಗೋಡೆಯಲ್ಲಿ ಕಮಾನಿನಂತೆ ಒಳಗೆ ಸರಿದ ಗೂಡಿಗೆ ಮಿಹ್ರಾಬ್ ಎನ್ನುತ್ತಾರೆ. ಅದು ಪೂಜೆಗೊಳ್ಳುವ ವಸ್ತುವಲ್ಲ, ಮೆಕ್ಕಾದ ದಿಕ್ಕನ್ನು ತೋರಿಸುವ ಗುರುತು. ನಮ್ಮ ಕರ್ನಾಟಕದ ಮಸೀದಿಗಳಲ್ಲಿ ಅದು ಪಶ್ಚಿಮದ ಗೋಡೆಯಲ್ಲಿರುತ್ತದೆ. ಇಸ್ತಾಂಬುಲ್‌ನಿಂದ ಮೆಕ್ಕಾ ಆಗ್ನೇಯಕ್ಕೆ ಬರುವುದರಿಂದ ಅಲ್ಲಿ ಆಗ್ನೇಯದ ಗೋಡೆಯಲ್ಲಿರುತ್ತದೆ. ಮಿಹ್ರಾಬ್‌ನ ಬಲಕ್ಕೆ ಕಡಿದಾದ ಮೆಟ್ಟಿಲುಗಳ ಎತ್ತರದ ಪೀಠ ಮಿಂಬರ್, ಶುಕ್ರವಾರದ ಉಪದೇಶ ಅಲ್ಲಿಂದ.

ಒಳಗೆ ನಡೆದುಕೊಳ್ಳುವ ರೀತಿಯಲ್ಲಿ ನೆನಪಿಡಬೇಕಾದದ್ದು ಒಂದೇ: ನಮಾಜು ಮಾಡುತ್ತಿರುವವರ ಮುಂದಿನಿಂದ ದಾಟಬೇಡಿ, ಹಿಂದಿನಿಂದ ಸುತ್ತಿ ಹೋಗಿ. ಸಾಮೂಹಿಕ ನಮಾಜಿನ ಹೊತ್ತಲ್ಲದಿದ್ದರೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರ ಫೋಟೋ ತೆಗೆಯಬಾರದು. ಗುಮ್ಮಟದ ಫೋಟೋ ತೆಗೆಯಲು ಯಾರ ಅಡ್ಡಿಯೂ ಇಲ್ಲ, ಫ್ಲ್ಯಾಶ್ ಮಾತ್ರ ಬೇಡ. ಪ್ರವಾಸಿಗರಿಗೆಂದು ಹಾಕಿದ ಗೆರೆ ದಾಟಬೇಡಿ. ಕೂರುವಾಗ ಮಿಹ್ರಾಬ್‌ನ ಕಡೆಗೆ ಕಾಲು ಚಾಚಬೇಡಿ, ಇದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಮಂಡಿ ಮಡಿಸಲಾಗದ ಹಿರಿಯರಿಗೆಂದು ಎಷ್ಟೋ ಮಸೀದಿಗಳಲ್ಲಿ ಹಿಂಬದಿಯಲ್ಲಿ ಕುರ್ಚಿಗಳಿರುತ್ತವೆ. ಕಾವಲಿನವರತ್ತ ನೋಡಿ ಮಂಡಿ ಮುಟ್ಟಿ ತೋರಿಸಿದರೆ ಅವರಿಗೆ ಅರ್ಥವಾಗುತ್ತದೆ.

ಇನ್ನು ಯಾವುದನ್ನು ನೋಡಬೇಕು ಎಂಬುದು. ಒಂದನ್ನೇ ನೋಡಲು ಸಮಯವಿದ್ದರೆ ಯಾವುದೆಂದು ಕೇಳಿದರೆ ನಾನು ಹಾಗಿಯಾ ಸೋಫಿಯಾವನ್ನೂ ಹೇಳುವುದಿಲ್ಲ, ನೀಲಿ ಮಸೀದಿಯನ್ನೂ ಹೇಳುವುದಿಲ್ಲ. ಸುಲೈಮಾನಿಯೆ ಎನ್ನುತ್ತೇನೆ. ಅರ್ಧ ದಿನ ಅದಕ್ಕೇ ಎತ್ತಿಡಿ.

ಸುಲ್ತಾನ್ ಸುಲೈಮಾನ್‌ಗಾಗಿ 1550ರಿಂದ 1557ರವರೆಗೆ ಅದನ್ನು ಕಟ್ಟಿದವನು ಸಿನಾನ್. ಕೈಸೇರಿ ಹತ್ತಿರದ ಹಳ್ಳಿಯೊಂದರ ಕ್ರೈಸ್ತ ಮನೆಯಲ್ಲಿ ಹುಟ್ಟಿದ ಹುಡುಗ. ಆ ಕಾಲದ ಪದ್ಧತಿಯಂತೆ ಸರ್ಕಾರ ಅವನನ್ನು ಎತ್ತಿಕೊಂಡು ಹೋಗಿ ಸೈನಿಕನನ್ನಾಗಿ ಬೆಳೆಸಿತು. ಸೇತುವೆ, ರಸ್ತೆ ಕಟ್ಟುತ್ತಾ ಕಟ್ಟುತ್ತಾ ಐವತ್ತರ ಆಸುಪಾಸಿನಲ್ಲಿ ರಾಜ್ಯದ ಮುಖ್ಯ ವಾಸ್ತುಶಿಲ್ಪಿಯಾದ, 1588ರಲ್ಲಿ ಸಾಯುವವರೆಗೂ ಮೂವರು ಸುಲ್ತಾನರ ಕೈಕೆಳಗೆ ಆ ಹುದ್ದೆಯಲ್ಲೇ ಇದ್ದ. ಸುಲೈಮಾನಿಯೆಯ ಕೆಲಸದ ಲೆಕ್ಕಪುಸ್ತಕಗಳು ಇಂದಿಗೂ ಉಳಿದಿವೆ. ಅವುಗಳ ಪ್ರಕಾರ ಅಲ್ಲಿ ದುಡಿದ ಕುಶಲಕರ್ಮಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಕ್ರೈಸ್ತರು. ಈ ಸಂಗತಿ ತಿಳಿದ ಮೇಲೆ ನಾನು ಆ ಗೋಡೆಗಳನ್ನು ನೋಡುವ ರೀತಿಯೇ ಬದಲಾಯಿತು.

ಒಳಗೆ ಹೋದ ಕೂಡಲೇ ನಿಮಗೆ ಅಚ್ಚರಿಯಾಗಬಹುದು, ಏಕೆಂದರೆ ಅಲಂಕಾರ ಬಹಳ ಕಡಿಮೆ. ಮೆರುಗಿನ ಹಂಚು ಇರುವುದು ಮಿಹ್ರಾಬ್ ಇರುವ ಗೋಡೆಗೆ ಮಾತ್ರ. ಉಳಿದದ್ದೆಲ್ಲ ಕಲ್ಲು, ಬೆಳಕು, ಸುಣ್ಣದ ಗೋಡೆ. ಗುಮ್ಮಟದ ಅಡ್ಡಗಲ 26.5 ಮೀಟರ್, ನೆಲದಿಂದ ನೆತ್ತಿಗೆ 53 ಮೀಟರ್, ಅಂದರೆ ಅಗಲಕ್ಕೆ ಎತ್ತರ ಸರಿಯಾಗಿ ಎರಡರಷ್ಟು. ಕೂತು ನೋಡಿದಾಗ ಆ ನಿಲುವು ಮೈಗೆ ಗೊತ್ತಾಗುತ್ತದೆ. ಗುಮ್ಮಟದೊಳಗೆ ಮಣ್ಣಿನ ಗಡಿಗೆಗಳನ್ನು ಹುದುಗಿಸಿ ದನಿ ಹರಡುವಂತೆ ಮಾಡಿದ್ದಾರೆ. ಇನ್ನೊಂದು ಜಾಣ್ಮೆಯೂ ಇದೆ. ನೂರಾರು ಎಣ್ಣೆದೀಪ ಉರಿದರೆ ಮಸಿ ಗೋಡೆಗೆ ಹತ್ತದೆ ಇರುತ್ತದೆಯೇ? ಸಿನಾನ್ ಒಳಗಿನ ಗಾಳಿ ಮುಖ್ಯ ಬಾಗಿಲಿನ ಮೇಲಿನ ಒಂದು ಕೋಣೆಯತ್ತ ಸಾಗುವಂತೆ ಕಿಂಡಿಗಳನ್ನು ಇಟ್ಟ. ಮಸಿಯೆಲ್ಲ ಅಲ್ಲಿ ಕೂಡಿಕೊಳ್ಳುತ್ತಿತ್ತು, ಅದನ್ನು ತೆಗೆದು ಬರೆಯುವ ಶಾಯಿಗೆ ಬಳಸುತ್ತಿದ್ದರು.

ಇನ್ನು ನಿಮ್ಮ ಮಗನಿಗೆ ಒಂದು ಕೆಲಸ. ಚೌಕದ ಕೋಣೆಯ ಮೇಲೆ ದುಂಡಗಿನ ಗುಮ್ಮಟ ಹೇಗೆ ಕೂತಿದೆ ಎಂದು ಅವನೇ ಕಂಡುಹಿಡಿಯಲಿ. ಅದಕ್ಕೆ ತಯಾರಿಯಾಗಿ ಹೊರಡುವ ಮುಂಚೆ ಒಂದು ಭಾನುವಾರ ಎಲ್ಲರೂ ವಿಜಯಪುರಕ್ಕೆ ಹೋಗಿ ಬನ್ನಿ. ಇದನ್ನು ನಾನು ಊರ ಅಭಿಮಾನಕ್ಕೆ ಹೇಳುತ್ತಿಲ್ಲ. 1656ರಲ್ಲಿ ಮುಗಿದ ಗೋಲಗುಮ್ಮಟ ಮಸೀದಿಯಲ್ಲ, ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಆದರೆ ಅದರ ಗುಮ್ಮಟದ ಒಳಗಿನ ಅಡ್ಡಗಲ ಸುಮಾರು 38 ಮೀಟರ್, ಇಸ್ತಾಂಬುಲ್‌ನಲ್ಲಿ ನೀವು ನೋಡುವ ಹಳೆಯ ಗುಮ್ಮಟಗಳೆಲ್ಲಕ್ಕಿಂತ ದೊಡ್ಡದು. ಒಳಗೆ ನಿಂತು ಮೇಲೆ ನೋಡಿದರೆ ಕಮಾನುಗಳು ಒಂದನ್ನೊಂದು ಕತ್ತರಿಸುತ್ತಾ ಚೌಕವನ್ನು ಎಂಟು ಮೂಲೆಯ ನಕ್ಷತ್ರವಾಗಿಸಿ ಆಮೇಲೆ ವೃತ್ತಕ್ಕೆ ಒಪ್ಪಿಸುವುದು ಕಾಣುತ್ತದೆ. ಭಾರವನ್ನು ದಪ್ಪ ಗೋಡೆಗಳು ಹೊರುತ್ತವೆ, ಹಾಗಾಗಿ ಕಿಟಕಿ ಕಡಿಮೆ, ಬೆಳಕೂ ಕಡಿಮೆ. ಇಸ್ತಾಂಬುಲ್‌ನವರು ಬೇರೆ ದಾರಿ ಹಿಡಿದರು. ನಾಲ್ಕು ದೊಡ್ಡ ಕಂಬ, ಅವುಗಳ ನಡುವೆ ನಾಲ್ಕು ಕಮಾನು, ಕಮಾನುಗಳ ಸಂದಿಯಲ್ಲಿ ಬಾಗಿದ ತ್ರಿಕೋನಗಳು. ಭಾರವೆಲ್ಲ ಕಂಬಗಳಿಗೆ ಇಳಿದ ಮೇಲೆ ನಡುವಿನ ಗೋಡೆಗೆ ಹೊರುವ ಕೆಲಸ ಉಳಿಯಲಿಲ್ಲ, ಅದರ ತುಂಬ ಕಿಟಕಿ ತೆರೆದರು. ಎರಡನ್ನೂ ನೋಡಿದ ಹುಡುಗನಿಗೆ ಈ ವ್ಯತ್ಯಾಸ ಪಾಠದ ಪುಸ್ತಕವಿಲ್ಲದೆ ತಿಳಿಯುತ್ತದೆ.

ವಿಜಯಪುರಕ್ಕೆ ಹೋದಾಗ ಜಾಮಿಯಾ ಮಸೀದಿಗೂ ಹೋಗಿ. ಒಂದನೇ ಅಲಿ ಆದಿಲ್ ಶಾಹ ಆರಂಭಿಸಿದ ಆ ಮಸೀದಿಯ ಒಳಗಡೆ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಚೌಕದಂತೆ ಎರಡು ಸಾವಿರಕ್ಕೂ ಹೆಚ್ಚು ಗುರುತುಗಳಿವೆ. ಅಲ್ಲಿಯೂ ಎಲ್ಲ ಧರ್ಮದವರಿಗೆ ಬಾಗಿಲು ತೆರೆದೇ ಇದೆ. ಹುಬ್ಬಳ್ಳಿಯಲ್ಲಿದ್ದೂ ಮಸೀದಿ ಒಳಗೆ ಹೋಗಿಲ್ಲ ಎಂದಿರಲ್ಲ, ಮೊದಲ ಸಲ ಕಾಲಿಡುವುದು ಪರದೇಶದಲ್ಲೇ ಆಗಬೇಕೆಂದೇನೂ ಇಲ್ಲ. ಆದಿಲ್ ಶಾಹಿಗಳಿಗೂ ಟರ್ಕಿಗೂ ಒಂದು ಕಥೆಯ ನಂಟು ಸಹ ಇದೆ. ವಂಶ ಸ್ಥಾಪಿಸಿದ ಯೂಸುಫ್ ಆದಿಲ್ ಖಾನ್ ಉಸ್ಮಾನಿ ಸುಲ್ತಾನ ಎರಡನೇ ಮುರಾದನ ಮಗ, ಕೊಲೆಯಿಂದ ತಪ್ಪಿಸಿಕೊಂಡು ಬಂದವನು ಎಂದು ವಿಜಯಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಇತಿಹಾಸಕಾರರು ಇದನ್ನು ನಂಬುವುದು ಕಡಿಮೆ. ಆದರೂ ವಿಜಯಪುರದ ಅರಮನೆ ಅದನ್ನು ಹೇಳಿಕೊಳ್ಳಲು ಇಷ್ಟಪಟ್ಟಿತ್ತು ಎಂಬುದೇ ಇಸ್ತಾಂಬುಲ್‌ನ ಹೆಸರು ದಖ್ಖನ್ನಿನವರೆಗೆ ಹೇಗೆ ಮೊಳಗುತ್ತಿತ್ತೆಂದು ಹೇಳುತ್ತದೆ.

ಸುಲೈಮಾನಿಯೆಯಿಂದ ಬೇಗ ಹೊರಬರಬೇಡಿ. ಅದು ಬರೀ ಮಸೀದಿಯಲ್ಲ. ಸುತ್ತಲೂ ಪಾಠಶಾಲೆಗಳು, ಆಸ್ಪತ್ರೆ, ಬಡವರಿಗೆ ಅನ್ನ ಬೇಯಿಸುತ್ತಿದ್ದ ಅಡುಗೆಮನೆ, ಹಮಾಮು ಎನ್ನುವ ಸ್ನಾನಗೃಹ ಎಲ್ಲವೂ ಸೇರಿದ ಒಂದು ಊರು. ಪಾಠಶಾಲೆಯ ಒಂದು ಭಾಗದಲ್ಲಿ ಇಂದಿಗೂ ಹಸ್ತಪ್ರತಿಗಳ ದೊಡ್ಡ ಗ್ರಂಥಾಲಯವಿದೆ. ಹಿಂದಿನ ತೋಟದಲ್ಲಿ ಸುಲೈಮಾನ್ ಮತ್ತು ಅವನ ಹೆಂಡತಿ ಹುರ್ರೆಮ್ ಅವರ ಸಮಾಧಿಗಳು. ಸಿನಾನ್‌ನ ಸಮಾಧಿ ಆವರಣದ ಹೊರಗೆ, ಬೀದಿಯ ಮೂಲೆಯಲ್ಲಿ, ಚಿಕ್ಕದಾಗಿದೆ. ಗೋಲ್ಡನ್ ಹಾರ್ನ್ ಕೊಲ್ಲಿ ಕಾಣುವ ಜಗುಲಿಯ ಮೇಲೆ ಕಲ್ಲಿನ ಕಟ್ಟೆಗಳಿವೆ, ತಾಯಿಯವರು ಅಲ್ಲಿ ಎಷ್ಟು ಹೊತ್ತಾದರೂ ಕೂರಬಹುದು. ಮಸೀದಿಯ ಎದುರಿನ ಸಾಲಿನಲ್ಲಿ ಬಿಳಿ ಬೀನ್ಸ್ ಕಾಳಿನ ಸಾರು ಮತ್ತು ಅನ್ನ ಕೊಡುವ ಹೋಟೆಲುಗಳಿವೆ. ನೀವು ಸಸ್ಯಾಹಾರಿಗಳಾದರೆ ಮಾಂಸ ಹಾಕಿಲ್ಲವೇ ಎಂದು ಮೊದಲೇ ಕೇಳಿ, ಕೆಲವು ಕಡೆ ಸಾರಿಗೆ ಮಾಂಸದ ತುಂಡು ಬೀಳುತ್ತದೆ. ‘ಎಟ್ಸಿಜ್’ ಎಂದರೆ ಮಾಂಸವಿಲ್ಲದ್ದು, ಈ ಒಂದು ಮಾತು ನಾಲ್ಕು ದಿನವೂ ಕೆಲಸಕ್ಕೆ ಬರುತ್ತದೆ.

ಅಲ್ಲಿಗೆ ಹೋಗುವ ದಾರಿ ಮುಖ್ಯ. ಮಸೀದಿ ಗುಡ್ಡದ ಮೇಲಿದೆ. ಎಮಿನೋನು ಕಡೆಯಿಂದ ಹತ್ತಿದರೆ ಏರು ಬಹಳ. ಟ್ರಾಮ್‌ನಲ್ಲಿ ಬೆಯಾಜಿತ್ ನಿಲ್ದಾಣಕ್ಕೆ ಬಂದು ವಿಶ್ವವಿದ್ಯಾಲಯದ ಗೋಡೆಯ ಪಕ್ಕದಿಂದ ನಡೆದು ಬನ್ನಿ, ಹೆಚ್ಚು ಹತ್ತುವ ಕಷ್ಟವಿಲ್ಲ. ನೋಡಿದ ಮೇಲೆ ಎಮಿನೋನು ಕಡೆಗೆ ಇಳಿದರೆ ರುಸ್ತೆಮ್ ಪಾಶಾ ಮಸೀದಿ ಸಿಗುತ್ತದೆ. ಮಂಡಿನೋವಿಗೆ ಇಳಿಯುವುದೇ ಕಷ್ಟವೆನಿಸಿದರೆ ಟ್ಯಾಕ್ಸಿ ಹಿಡಿಯಿರಿ.

ರುಸ್ತೆಮ್ ಪಾಶಾ ಸಂತೆಯ ಗಲಾಟೆಯ ನಡುವೆ, ಅಂಗಡಿಗಳ ಮೇಲಿನ ಮಹಡಿಯಲ್ಲಿದೆ. ಬಾಗಿಲು ಗಮನಕ್ಕೇ ಬರುವುದಿಲ್ಲ, ಇಕ್ಕಟ್ಟಾದ ಮೆಟ್ಟಿಲು ಹತ್ತಬೇಕು. 1560ರ ದಶಕದ ಆರಂಭದಲ್ಲಿ ಇದನ್ನೂ ಸಿನಾನ್ ಕಟ್ಟಿದ. ಸುಲೈಮಾನಿಯೆಯಲ್ಲಿ ಬಿಗಿ ಹಿಡಿದದ್ದನ್ನೆಲ್ಲ ಇಲ್ಲಿ ಬಿಟ್ಟುಕೊಟ್ಟಿದ್ದಾನೆ. ಗೋಡೆ, ಕಂಬ, ಮಿಹ್ರಾಬ್ ಎಲ್ಲದರ ಮೇಲೂ ಇಜ್ನಿಕ್ ಪಟ್ಟಣದ ಹಂಚು. ಆ ಹಂಚುಗಳ ಕೆಂಪನ್ನು ಹತ್ತಿರದಿಂದ ಓರೆಯಾಗಿ ನೋಡಿ. ಬಣ್ಣ ಮೇಲ್ಮೈಯಿಂದ ತುಸು ಉಬ್ಬಿರುತ್ತದೆ. ಕಬ್ಬಿಣದಂಶದ ಕೆಮ್ಮಣ್ಣನ್ನು ದಪ್ಪಗೆ ಬಳಿದು ಸುಟ್ಟದ್ದರ ಗುರುತು ಅದು. ಈ ಕೆಂಪು ಹೊಳೆದದ್ದು ಕೆಲವೇ ದಶಕ. 17ನೇ ಶತಮಾನ ಹಿಡಿಯುವ ಹೊತ್ತಿಗೆ ಅದು ಕಂದಿ ಕಂದುಬಣ್ಣಕ್ಕೆ ತಿರುಗಲು ಶುರುವಾಗಿತ್ತು.

ಅದಕ್ಕೇ ರುಸ್ತೆಮ್ ಪಾಶಾವನ್ನು ನೋಡಿದ ಮೇಲೆ ನೀಲಿ ಮಸೀದಿಗೆ ಹೋಗಿ ಎನ್ನುವುದು. ಸುಲ್ತಾನ್ ಅಹ್ಮದ್ 1609ರಲ್ಲಿ ಶುರುಮಾಡಿಸಿದ ಆ ಮಸೀದಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹಂಚು ಹಾಕಿದ್ದಾರೆ. ಅವುಗಳ ಬೆಲೆಯನ್ನು ಅರಮನೆ ಮೊದಲೇ ನಿಗದಿ ಮಾಡಿತ್ತು, ಉಳಿದೆಲ್ಲದರ ಬೆಲೆ ಏರಿದರೂ ಹಂಚಿನ ಬೆಲೆ ಏರಲಿಲ್ಲ, ಹಾಗಾಗಿ ಕೆಲಸ ಸಾಗಿದಂತೆ ಗುಣವೂ ಇಳಿಯಿತು. ಒಳ್ಳೆಯ ಹಂಚುಗಳು ಪ್ರವಾಸಿಗರು ಹತ್ತಲಾಗದ ಮೇಲಿನ ಮೊಗಸಾಲೆಯಲ್ಲಿವೆ. ಗುಮ್ಮಟ ಹೊತ್ತ ನಾಲ್ಕು ಕಂಬಗಳು ಒಂದೊಂದೂ ಸುಮಾರು ಐದು ಮೀಟರ್ ದಪ್ಪ, ಊರವರು ಅವನ್ನು ಆನೆಕಾಲು ಎನ್ನುತ್ತಾರೆ. ಕಟ್ಟಿದ ಮೆಹ್ಮೆತ್ ಆಗಾ ಸಿನಾನ್‌ನ ಶಿಷ್ಯಪರಂಪರೆಯವನು. ನನ್ನ ಅಭಿಪ್ರಾಯದಲ್ಲಿ ಈ ಮಸೀದಿಯ ಸೊಗಸು ಒಳಗಿಗಿಂತ ಹೊರಗೆ ಹೆಚ್ಚು: ಆರು ಮಿನಾರುಗಳ ನಡುವೆ ಗುಮ್ಮಟಗಳು ಒಂದರ ಮೇಲೊಂದು ಏರುವುದನ್ನು ಅಂಗಳದಿಂದ ನೋಡಬೇಕು. ಬೆಳಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ, ಮುಕ್ಕಾಲು ಗಂಟೆ ಸಾಕು. ಪ್ರವೇಶ ಉಚಿತ. ಅಂಗಳದಲ್ಲಿ ಯಾರಾದರೂ ಬಂದು ಟಿಕೆಟ್ಟು ಬೇಕು, ಸಾಲು ತಪ್ಪಿಸಿ ಕರೆದೊಯ್ಯುತ್ತೇನೆ ಎಂದರೆ ನಯವಾಗಿ ಬೇಡವೆನ್ನಿ, ಆ ದಾರಿ ಸಾಮಾನ್ಯವಾಗಿ ಜಮಖಾನದ ಅಂಗಡಿಯಲ್ಲಿ ಕೊನೆಯಾಗುತ್ತದೆ. ತಲೆಗೆ ಹೊದೆಯುವ ಬಟ್ಟೆಯನ್ನೂ ಅಲ್ಲಿ ಹಣ ತೆಗೆದುಕೊಳ್ಳದೆ ಕೊಡುತ್ತಾರೆ.

ಹಾಗಿಯಾ ಸೋಫಿಯಾಕ್ಕೆ 25 ಯೂರೋ, ನಮ್ಮ ಲೆಕ್ಕದಲ್ಲಿ ತಲೆಗೆ ಎರಡೂವರೆ ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಕೊಡಿ. ಆದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿದು ಕೊಡಿ. 1934ರ ತೀರ್ಮಾನದಿಂದ ಮ್ಯೂಸಿಯಂ ಆಗಿದ್ದ ಅದು 2020ರ ಜುಲೈಯಲ್ಲಿ ಮತ್ತೆ ಮಸೀದಿಯಾಯಿತು. 2024ರ ಜನವರಿಯಿಂದ ವಿದೇಶಿ ಪ್ರವಾಸಿಗರಿಗೆ ಪ್ರತ್ಯೇಕ ಬಾಗಿಲು, ಮೇಲಿನ ಮೊಗಸಾಲೆ ಮಾತ್ರ. ಕೆಳಗಿನ ನೆಲ ನಮಾಜಿಗೆ ಮೀಸಲು. ನಗರದ ಮ್ಯೂಸಿಯಂ ಪಾಸ್ ಇಲ್ಲಿ ನಡೆಯುವುದಿಲ್ಲ. ಗುಮ್ಮಟದ ದುರಸ್ತಿಯೂ ಕೈಗೆತ್ತಿಕೊಂಡಿರುವುದರಿಂದ ಒಳಗೆ ಅಟ್ಟಣಿಗೆ ನಿಂತಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಮೇಲಕ್ಕೆ ಹೋಗಲು ಮೆಟ್ಟಿಲಿಗಿಂತ ಹೆಚ್ಚಾಗಿ ಸುತ್ತಿ ಸುತ್ತಿ ಏರುವ ಕಲ್ಲುಹಾಸಿನ ಇಳಿಜಾರು ದಾರಿಯಿದೆ, ಕಲ್ಲುಗಳು ಉಬ್ಬುತಗ್ಗು. ತಾಯಿಯವರು ನಿಧಾನವಾಗಿ ಕೈಹಿಡಿದು ಏರಬಲ್ಲರಾದರೆ ಕರೆದೊಯ್ಯಿರಿ. ಆಗುವುದಿಲ್ಲವೆಂದರೆ ಹೊರಗಿನ ಚೌಕದ ಬೆಂಚಿನ ಮೇಲೆ ಯಾರಾದರೊಬ್ಬರು ಅವರ ಜೊತೆಗಿರಿ.

ಅಷ್ಟು ಕೊಟ್ಟು ನೋಡಲೇಬೇಕೇಕೆ? ಸಿನಾನ್ ಜೀವನವಿಡೀ ಉತ್ತರ ಹುಡುಕಿದ ಪ್ರಶ್ನೆ ಅಲ್ಲಿದೆ. ಜಸ್ಟಿನಿಯನ್ ಚಕ್ರವರ್ತಿ 532ರಲ್ಲಿ ಶುರುಮಾಡಿ 537ರಲ್ಲಿ ಮುಗಿಸಿದ ಕ್ರೈಸ್ತ ಮಹಾಮಂದಿರ ಅದು, ಬರೀ ಐದು ವರ್ಷದ ಕೆಲಸ. ಆತುರಕ್ಕೆ ಬೆಲೆಯನ್ನೂ ತೆತ್ತರು: 558ರಲ್ಲಿ ಗುಮ್ಮಟ ಕುಸಿಯಿತು, ಇನ್ನಷ್ಟು ಎತ್ತರಿಸಿ 562ರ ಹೊತ್ತಿಗೆ ಮತ್ತೆ ಕಟ್ಟಿದರು. ಅಡ್ಡಗಲ ಸುಮಾರು 31 ಮೀಟರ್. ಬುಡದಲ್ಲಿ 40 ಕಿಟಕಿಗಳ ಸಾಲು, ಬೆಳಕು ತುಂಬಿದಾಗ ಗುಮ್ಮಟಕ್ಕೆ ಆಧಾರವೇ ಇಲ್ಲವೆನಿಸುತ್ತದೆ. ಪೂರ್ವಕ್ಕೂ ಪಶ್ಚಿಮಕ್ಕೂ ಅರ್ಧಗುಮ್ಮಟಗಳು ಒತ್ತಿ ಹಿಡಿದಿವೆ, ಆದರೆ ಉತ್ತರ ದಕ್ಷಿಣಗಳಲ್ಲಿ ಆ ಆಸರೆಯಿಲ್ಲ, ಗೋಡೆಗಳು ಹೊರಕ್ಕೆ ವಾಲುತ್ತಲೇ ಬಂದವು. ಹೊರಗೆ ನಿಂತು ನೋಡಿದರೆ ಕಾಣುವ ಭಾರೀ ಊರೆಗೋಡೆಗಳು ಅದಕ್ಕಾಗಿ, ಕೆಲವನ್ನು ಸಿನಾನ್‌ನೇ ಬಲಪಡಿಸಿದ. ಸಾವಿರ ವರ್ಷದ ಹಳೆಯ ಕಟ್ಟಡವನ್ನು ಬೀಳದಂತೆ ಕಾಯುತ್ತಾ, ಅದೇ ವಿನ್ಯಾಸವನ್ನು ಸುಲೈಮಾನಿಯೆಯಲ್ಲಿ ತಾನು ಕಟ್ಟುವಾಗ ಆ ಊರೆಗೋಡೆಗಳನ್ನು ಗೋಡೆಯ ಮೊಗಸಾಲೆಗಳೊಳಗೆ ಮರೆಮಾಡಿದ. ಎರಡನ್ನೂ ಬೇರೆ ಬೇರೆ ದಿನ ನೋಡಿ, ಸುಲೈಮಾನಿಯೆಯನ್ನು ಮೊದಲು.

ಮೇಲಿನಿಂದ ನಿಮ್ಮ ಮಗನಿಗೆ ಇನ್ನೊಂದು ಸಂಗತಿ ತೋರಿಸಿ. ಕೆಳಗಿನ ಜಮಖಾನದ ಸಾಲುಗಳು ಕಟ್ಟಡಕ್ಕೆ ನೇರವಾಗಿಲ್ಲ, ಓರೆಯಾಗಿವೆ. ಚರ್ಚು ಪೂರ್ವದತ್ತ ಮುಖ ಮಾಡಿತ್ತು, ಮೆಕ್ಕಾ ಅದಕ್ಕಿಂತ ದಕ್ಷಿಣಕ್ಕೆ ಬರುತ್ತದೆ. ಹಾಗಾಗಿ ಮಿಹ್ರಾಬ್ ನಟ್ಟನಡುವೆ ಇಲ್ಲ, ಬಲಕ್ಕೆ ಸರಿದಿದೆ. ಗೋಡೆಗಳಿಗೆ ತೂಗಿಸಿದ ಏಳೂವರೆ ಮೀಟರ್ ಅಗಲದ ಹಸಿರು ದುಂಡು ಫಲಕಗಳಲ್ಲಿ ಅಲ್ಲಾಹ್, ಪ್ರವಾದಿ, ನಾಲ್ವರು ಖಲೀಫರು, ಹಸನ್ ಮತ್ತು ಹುಸೇನರ ಹೆಸರುಗಳಿವೆ, ಇವು 19ನೇ ಶತಮಾನದವು. ದಕ್ಷಿಣದ ಮೊಗಸಾಲೆಯಲ್ಲಿ ಯೇಸು, ಮೇರಿ, ಸ್ನಾನಿಕ ಯೋಹಾನರ ಮೊಸಾಯಿಕ್ ಚಿತ್ರವಿದೆ. ಕೆಳಭಾಗ ಉದುರಿಹೋಗಿದೆ, ಉಳಿದ ಮೂರು ಮುಖಗಳ ಮುಂದೆ ನಿಂತರೆ ಕಾಲು ಕೀಳುವುದು ಕಷ್ಟ. ಅದೇ ಮೊಗಸಾಲೆಯ ಅಮೃತಶಿಲೆಯ ಕಟಾಂಜನದ ಮೇಲೆ ಉತ್ತರದೇಶದ ವೈಕಿಂಗ್ ಸಿಪಾಯಿಯೊಬ್ಬ ತನ್ನ ಲಿಪಿಯಲ್ಲಿ ಕೆತ್ತಿದ ಹೆಸರಿದೆ. ಹಾಲ್ಫ್ದಾನ್ ಎಂಬ ಹೆಸರಿನ ತುಣುಕು ಮಾತ್ರ ಓದಲು ಬರುತ್ತದೆ.

ಸಮಯ ಉಳಿದರೆ ಐದನೆಯದಾಗಿ ಸೊಕೊಲ್ಲು ಮೆಹ್ಮೆತ್ ಪಾಶಾ ಮಸೀದಿ. ನೀಲಿ ಮಸೀದಿಯ ಹಿಂದಿನ ಇಳಿಜಾರಿನಲ್ಲಿ ಹತ್ತು ನಿಮಿಷದ ನಡಿಗೆ, ಪ್ರವಾಸಿಗರು ಬರುವುದು ಅಪರೂಪ. 1570ರ ದಶಕದ ಆರಂಭದಲ್ಲಿ ಸಿನಾನ್ ಕಟ್ಟಿದ್ದು. ಮೆಕ್ಕಾದ ಕಾಬಾದಲ್ಲಿರುವ ಕಪ್ಪುಶಿಲೆಯ ಚಿಕ್ಕ ಚೂರುಗಳೆಂದು ನಂಬುವ ಕಲ್ಲುಗಳನ್ನು ಬಾಗಿಲು, ಮಿಹ್ರಾಬ್, ಮಿಂಬರ್‌ಗಳ ಮೇಲೆ ಚಿನ್ನದ ಚೌಕಟ್ಟಿನಲ್ಲಿ ಕೂರಿಸಿದ್ದಾರೆ. ಇಂಥ ಚಿಕ್ಕ ಮಸೀದಿಗಳ ಬಾಗಿಲು ನಡುಹೊತ್ತಿನಲ್ಲಿ ಮುಚ್ಚಿರಬಹುದು. ನಮಾಜು ಮುಗಿದು ಜನ ಹೊರಬರುವ ಹೊತ್ತಿಗೆ ಹೋದರೆ ತೆರೆದೇ ಇರುತ್ತದೆ, ಇಮಾಮರೇ ಒಳಗೆ ಕರೆದು ತೋರಿಸುವುದೂ ಉಂಟು.

ದಿನಗಳನ್ನು ಹೊಂದಿಸುವಾಗ ಶುಕ್ರವಾರ ಯಾವಾಗ ಬರುತ್ತದೆಂದು ಮೊದಲು ನೋಡಿ. ಜುಮ್ಮಾ ನಮಾಜಿನಿಂದಾಗಿ ನೀಲಿ ಮಸೀದಿ ಅಂದು ಮಧ್ಯಾಹ್ನ ಎರಡೂವರೆಯ ತನಕ ಪ್ರವಾಸಿಗರಿಗೆ ತೆರೆಯುವುದಿಲ್ಲ, ಹಾಗಿಯಾ ಸೋಫಿಯಾವೂ ನಡುಮಧ್ಯಾಹ್ನ ಮುಚ್ಚುತ್ತದೆ. ಆ ಬೆಳಗ್ಗೆಯನ್ನು ತೋಪ್‌ಕಾಪಿ ಅರಮನೆಗೋ ಬೋಸ್ಫರಸ್ ದೋಣಿಗೋ ಇಟ್ಟುಕೊಳ್ಳಿ. ಯಾವುದಾದರೊಂದು ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಸುಲ್ತಾನಹ್ಮೆತ್ ಚೌಕದ ಬೆಂಚಿನಲ್ಲಿ ಕೂತಿರಿ. ಎದುರುಬದುರಾಗಿರುವ ನೀಲಿ ಮಸೀದಿ, ಹಾಗಿಯಾ ಸೋಫಿಯಾ ಎರಡರಿಂದಲೂ ಆಜಾನ್ ಒಂದು ಸಾಲು ಈ ಕಡೆಯಿಂದ, ಇನ್ನೊಂದು ಸಾಲು ಆ ಕಡೆಯಿಂದ ಬರುತ್ತದೆ. ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಾರೆ. ಅದಕ್ಕೆ ಟಿಕೆಟ್ಟಿಲ್ಲ, ಮೆಟ್ಟಿಲೂ ಇಲ್ಲ, ತಾಯಿಯವರಿಗೆ ಖಂಡಿತ ಕೇಳಿಸಿ. ಕಾಣಿಕೆ ಹಾಕಬೇಕೇ ಎಂದು ಅವರು ಕೇಳಿದರೆ, ಉಚಿತವಾಗಿ ಬಿಡುವ ಮಸೀದಿಗಳಲ್ಲಿ ಹೊರಬಾಗಿಲ ಬಳಿ ಪೆಟ್ಟಿಗೆ ಇರುತ್ತದೆ. ಹಾಕಲೇಬೇಕೆಂದಿಲ್ಲ, ಹಾಕಿದರೆ ಮಸೀದಿಯ ನಿರ್ವಹಣೆಗೆ ಹೋಗುತ್ತದೆ. ಚಿಲ್ಲರೆ ಲಿರಾ ಬೇರೆ ಎತ್ತಿಟ್ಟುಕೊಂಡಿರಿ.